ಯಾರು ಕೇಳಿದ್ದು?

ಆಸ್ಪತ್ರೆಯ ವಿದ್ಯೆ ಕಲಿಯದವರು ಆಸ್ಪತ್ರೆಯ ಕಥೆ ಹೇಳಹೊರಡುವುದು ತಪ್ಪೇ. ಎಲ್ಲಾದರೂ ಎಡವಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು.

ಹೃದಯ ವಿಭಾಗದ ದೊಡ್ಡ ಡಾಕ್ಟರಿಗೆ ಅವಳು ಹನ್ನೊಂದು ವರ್ಷದಿಂದ ಸಹಾಯಕಿ. ರೋಗಿಯ ಎದೆಗೆ ಮೊದಲು ಸ್ಟೆತಸ್ಕೋಪ್ ಇಡುವವಳು ಅವಳು, ಡಾಕ್ಟರು ಆಮೇಲೆ. ಆದರೂ ರೋಗಿಗಳು ಕೇಳುವುದು ಒಂದೇ: "ಸಿಸ್ಟರ್, ಡಾಕ್ಟ್ರು ಯಾವಾಗ ಬರ್ತಾರೆ?" ಹೃದಯರೋಗದಲ್ಲಿ ನುರಿತ ಸಹಾಯಕಿ ಎಂದು ವೈದ್ಯಕೀಯ ಮಂಡಳಿಯ ಪ್ರಮಾಣಪತ್ರ ಬಂದರೆ ಬ್ಯಾಡ್ಜಿನಲ್ಲಿ ಹೆಸರಿನ ಕೆಳಗೆ ಒಂದು ಸಾಲು ಸೇರುತ್ತದೆ. ಕೋಟು ಒಗೆಯಲು ಬ್ಯಾಡ್ಜು ಬಿಚ್ಚಿದಾಗಲೆಲ್ಲ ಅವಳು ಆ ಖಾಲಿ ಜಾಗವನ್ನು ಹೆಬ್ಬೆರಳಿನಿಂದ ಸವರುತ್ತಿದ್ದಳು.

ಪರೀಕ್ಷೆಯೇನೋ ಪಾಸಾಯಿತು. ಆದರೆ ಅದರ ಜೊತೆಗೆ ಮಂಡಳಿಗೆ ಕಳಿಸಬೇಕಿದ್ದ, ತಾನೇ ನೋಡಿದ ನೂರು ರೋಗಿಗಳ ವಿವರ ವಾಪಸು ಬಂತು. ಪ್ರತಿ ಪುಟದಲ್ಲೂ ಅವಳು ಬರೆದದ್ದು "ಎದೆಬಡಿತ ಕೇಳಲಾಯಿತು" ಎಂದು. ಅಂಚಿನಲ್ಲಿ ಕೆಂಪು ಶಾಯಿ: "ಯಾರು ಕೇಳಿದ್ದು?"

ಮನೆಯಲ್ಲಿ ಅದನ್ನು ನೋಡಿ ನಾದಿನಿ ನಕ್ಕಳು. "ಅತ್ತಿಗೆ, ಊಟ ಆಯ್ತಾ ಅಂದ್ರೂ 'ಊಟ ಮಾಡಲಾಯಿತು' ಅಂತೀರೇನೋ. 'ನಾನು' ಅಂತ ಬರೆದ್ರೆ ಪೆನ್ನು ಮುರಿದುಹೋಗುತ್ತಾ?"

"ಡಾಕ್ಟ್ರು ಓದಿ ರುಜು ಹಾಕ್ಬೇಕಲ್ಲೇ. ಕೊಬ್ಬು ಅಂದ್ಕೊಂಡ್ರೆ?"

ಕೊನೆಗೆ ನೂರು ಕಡೆಯೂ "ನಾನು" ಎಂದು ಬರೆದಳು, ಪೆನ್ಸಿಲಿನಲ್ಲಿ. ಬೇಡವೆಂದರೆ ಅಳಿಸಬಹುದಲ್ಲ. ಆ ಶುಕ್ರವಾರ ಡಾಕ್ಟರ ನಿವೃತ್ತಿ, ಕಾಯಲು ಸಮಯವಿರಲಿಲ್ಲ.

ಪುಟ ತಿರುವುತ್ತ ಡಾಕ್ಟರು ನಲವತ್ತೊಂದನೆಯ ರೋಗಿಯ ಪುಟದಲ್ಲಿ ನಿಂತರು. ಒಬ್ಬ ದರ್ಜಿ, ಬಡಿತದ ನಡುವೆ ಸಣ್ಣದೊಂದು ಗುಡುಗುಡು.

"ಇದು ನಾನು ಕೇಳಿದ್ದಲ್ವೇನಮ್ಮಾ?"

"ನಿಮಗೆ ಕೇಳಿಸ್ಲಿಲ್ಲ, ಡಾಕ್ಟ್ರೇ. ಎಡಮಗ್ಗುಲಿಗೆ ಮಲಗಿಸಿ ನೋಡೋಣ ಅಂದೆ. ಆಗಲೂ... ನೀವು ನನ್ನ ಮುಖ ನೋಡಿ ಹೂಂ ಅಂದ್ರಿ."

ಡಾಕ್ಟರು ಕಿವಿ ಉಜ್ಜಿಕೊಂಡರು. "ಆಗಲೇ ಕಿವಿ ಮಂದ ಆಗಿತ್ತು. ಯಾರಿಗೂ ಗೊತ್ತಾಗಿಲ್ಲ ಅಂದ್ಕೊಂಡಿದ್ದೆ. ನೀನು 'ಲಾಯಿತು, ಲಾಯಿತು' ಅಂತ ನನ್ನ ಮಾನ ಉಳಿಸ್ತಾ ಬಂದಿದೀಯ." ಮತ್ತೆ ಕೇಳಿದರು: "ರಬ್ಬರ್ ಇದೆಯಾ?"

ಕೊಟ್ಟಳು. ಇಲ್ಲ ಎನ್ನಲು ಬಾಯಿ ಬರಲಿಲ್ಲ.

ಮಂಡಳಿಯ ನಿಯಮದಂತೆ ಲಕೋಟೆ ಅಂಟಿಸಿ ಕಳಿಸಬೇಕಾದವರು ಡಾಕ್ಟರೇ. ಶನಿವಾರ ಅವಳು ಅವರ ಕೋಣೆಗೆ ಹೋದಾಗ ಕುರ್ಚಿ ಖಾಲಿ, ಲಕೋಟೆ ಹೋಗಿಯಾಗಿತ್ತು. ಮೇಜಿನ ಮೇಲೆ ರಬ್ಬರಿನ ಪುಡಿ ಬಿದ್ದಿತ್ತು. ಪಕ್ಕದಲ್ಲಿ ಮುಚ್ಚಳ ಹಾಕದ ಅವರ ಪೆನ್ನೂ ಇತ್ತು.

ಪೆನ್ಸಿಲಿನದನ್ನು ಅಳಿಸಿ ಶಾಯಿಯಲ್ಲಿ "ನಾನು" ಎಂದು ಬರೆದರೋ, ಬರೀ ಅಳಿಸಿದರೋ? ಅವಳು ಇನ್ನೂ ಬ್ಯಾಡ್ಜು ಸವರುತ್ತಾಳೆ. ಮಂಡಳಿಯ ಉತ್ತರ ಬಂದಿಲ್ಲ. ಈ ಕಥೆ ಹೇಳುತ್ತಿರುವವರಿಗೂ ಗೊತ್ತಿಲ್ಲ.