ತೊಳೆದ ಬೀಜ

ಹಿಂಗಾರಿ ಜೋಳದ ಬಿತ್ತನೆ ಮುಗಿದ ಮರುದಿನ ಮಧ್ಯಾಹ್ನ ನಂದಾ ಹೊಲದಿಂದ ಬಂದಾಗ ಬಚ್ಚಲ ಕಲ್ಲಿನ ಮೇಲೆ ಗುಲಾಬಿ ಬಣ್ಣದ ಕಲೆ ಕಂಡಿತು. ಬಿತ್ತಿ ಉಳಿದದ್ದೆಂದು ಮೂಲೆಗೆ ಕಟ್ಟಿಟ್ಟಿದ್ದ ಬೀಜದ ಗಂಟು ಇರಲಿಲ್ಲ.

ಹೋದ ವರ್ಷ ಕುಬಿಹಾಳದ ಅವರ ಹೊಲಕ್ಕೆ ಕಾಡಿಗೆ ರೋಗ ಬಂದು ತೆನೆಯ ಕಾಳೆಲ್ಲ ಕರಿ ಪುಡಿಯಾಗಿದ್ದವು. ಅದಕ್ಕೇ ಈ ಸಲ ಬೀಜಕ್ಕೆ ಗುಲಾಬಿ ಬಣ್ಣದ ಔಷಧಿ ಹಚ್ಚಿ ಬಿತ್ತಿದ್ದಳು. ಅತ್ತೆ ರೇವವ್ವನಿಗೆ ಅದು ಒಪ್ಪಿಗೆಯಿರಲಿಲ್ಲ. ಆ ಮಾತಿಗೆ ಜಗಳವಾಗಿ ಎರಡು ದಿನ ಅತ್ತೆ ಸೊಸೆ ಮಾತು ಬಿಟ್ಟಿದ್ದರು. ಉಳಿದ ಬೀಜ ವಿಷವೆಂದು ನಂದಾ ಹೇಳಿರಲಿಲ್ಲ.

ಕೇಳಿದಾಗ ರೇವವ್ವ, ಕಾಳು ಕೆಡಿಸಬಾರದೆಂದು ಬೆಳಿಗ್ಗೆಯೇ ಏಳು ನೀರಿನಲ್ಲಿ ತೊಳೆದು, ಒಣಗಿಸಿ, ರೊಟ್ಟಿಯ ಜೋಳದಲ್ಲಿ ಬೆರೆಸಿ ಬೀಸಿಸಿದ್ದಾಗಿ ಹೇಳಿದಳು.

“ಹಿಟ್ಟು ಎಲ್ಲೈತ್ರಿ ಅತ್ತಿ?”

“ಡಬ್ಬ್ಯಾಗೈತಿ. ಹಲೀಮಾಬಿಗೆ ಒಂದು ಬುಟ್ಟಿ ಕೊಟ್ಟೀನಿ.”

ನಂದಾ ಔಷಧಿಯ ಖಾಲಿ ಪೊಟ್ಟಣವನ್ನು ಹಿಡಿದುಕೊಂಡು ಓಡಿದಳು. ಮೂರನೆಯ ಮನೆಯಲ್ಲಿ ಹಲೀಮಾಬಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಐದು ವರ್ಷದ ಮೊಮ್ಮಗಳು ಅರ್ಫಾ ಬೆಲ್ಲ ಹಚ್ಚಿದ ರೊಟ್ಟಿಯನ್ನು ಅರ್ಧ ತಿಂದಾಗಿತ್ತು. ನಂದಾ ಉಳಿದದ್ದನ್ನು ಕಸಿದುಕೊಂಡಳು. ಹುಡುಗಿ ಅತ್ತಳು. ನಂದಾ ಏದುಸಿರಿನಲ್ಲೇ ಎಲ್ಲ ಹೇಳಿದಳು.

ಹಲೀಮಾಬಿಯ ಮಗ ಇಸ್ರಾರ್ ಬೈಕು ತೆಗೆದ. ಮಗುವನ್ನು ನಡುವೆ ಕೂಡಿಸಿಕೊಂಡು ನಂದಾ ಹಿಂದೆ ಕುಳಿತಳು. ಕುಂದಗೋಳದ ಆಸ್ಪತ್ರೆಯ ದಾರಿಯಲ್ಲಿ ಅರ್ಫಾ ಒಮ್ಮೆ ವಾಂತಿ ಮಾಡಿದಳು. ಆಮೇಲೆ ಮಾತಾಡಲಿಲ್ಲ. ನಂದಾ ಅವಳ ಎದೆಯ ಮೇಲೆ ಕೈಯಿಟ್ಟು ಉಸಿರು ನೋಡುತ್ತಲೇ ಇದ್ದಳು.

ಡಾಕ್ಟರು ಪೊಟ್ಟಣದ ಮೇಲಿನ ಬರಹ ಓದಿ, ಎಷ್ಟು ತಿಂದಳೆಂದು ಕೇಳಿ, ಸಂಜೆಯ ತನಕ ಇಲ್ಲೇ ಇರಲಿ, ಈಗಲೇ ಏನೂ ಹೇಳಲಾಗದು ಎಂದರು.

ಟಂಟಂ ಆಟೊ ಹಿಡಿದು ರೇವವ್ವ, ಹಲೀಮಾಬಿ ಇಬ್ಬರೂ ಬಂದರು. ವಿಷದ ಬೀಜವನ್ನು ಮನೆಯೊಳಗೆ ಯಾಕಿಟ್ಟೆಯೆಂದು ಹಲೀಮಾಬಿ ನಂದಾಳನ್ನು ಕೇಳಿದಳು.

“ಅಕಿಗೆ ಏನೂ ಅನಬ್ಯಾಡ ಹಲೀಮಾ,” ಎಂದಳು ರೇವವ್ವ. “ತೊಳದಾಕಿ ನಾನು. ನಿನ್ನ ಬುಟ್ಟಿಗೆ ಹಾಕಿದಾಕೀನೂ ನಾನು.”

“ನಾ ಹೇಳಬೇಕಾಗಿತ್ರಿ,” ಎಂದಳು ನಂದಾ.

ಹಲೀಮಾಬಿ ಮೊಮ್ಮಗಳಿದ್ದ ಕೋಣೆಯ ಬಾಗಿಲನ್ನೇ ನೋಡುತ್ತ ಕುಳಿತಳು. ಹೊತ್ತು ಮುಳುಗುವಾಗ ಅರ್ಫಾ ನೀರು ಕೇಳಿದಳು, ಆಮೇಲೆ ಬಿಸ್ಕೀಟು ಕೇಳಿದಳು. ಡಾಕ್ಟರು ಇನ್ನೊಮ್ಮೆ ನೋಡಿ ಮನೆಗೆ ಕಳಿಸಿದರು.

ಮರುದಿನ ಅತ್ತೆ ಸೊಸೆ ಎರಡೂ ಮನೆಯ ಹಿಟ್ಟನ್ನು ಹೊತ್ತು, ಬಾವಿಯಿಂದ ದೂರ, ಹೊಲದ ಬದುವಿಗೆ ಹೋದರು. ಹಿಟ್ಟು ಹೂಳಲು ತೋಡಿದ ಗುಂಡಿ ಮೊಣಕಾಲುದ್ದ ಆಳವಾಯಿತು. ಸಾಕ್ರಿ ಎಂದು ನಂದಾ ಹೇಳಿದರೂ ರೇವವ್ವ ಅಗೆಯುವುದನ್ನು ನಿಲ್ಲಿಸಲಿಲ್ಲ.