ನಲವತ್ತು ದಿನದ ಊಟದ ಮೇಜು

ಮನುಷ್ಯನಿಗೆ ಬದುಕಲು ಏನೇನು ಬೇಕು ಎಂದು ನಿರ್ದೇಶಕ ತಲೆಗೆ ಹುಳ ಬಿಟ್ಟುಕೊಂಡ. ಕಥೆ ಇಲ್ಲ, ನಟರಿಲ್ಲ; ತನ್ನದೇ ಮನೆಯ ಊಟದ ಮೇಜಿನ ಎದುರಿಗೆ ಕ್ಯಾಮೆರಾ ನಿಲ್ಲಿಸಿ ನಲವತ್ತು ದಿನ ಹಾಗೇ ಬಿಟ್ಟ. ಪ್ರಯೋಗಾತ್ಮಕ ಚಿತ್ರವಂತೆ! ಸಂಕಲನಕ್ಕೆ ಹೆಂಡತಿ ಇದ್ದೇ ಇದ್ದಳಲ್ಲ, ಹೊಟ್ಟೆಪಾಡಿಗೆ ಮದುವೆ ವಿಡಿಯೊ ಕತ್ತರಿಸುವವಳು.

ಮದುವೆ ವಿಡಿಯೊ, ಅಡುಗೆ, ಪಾತ್ರೆ. ಉಳಿದ ಹೊತ್ತೆಲ್ಲ ಈ ಮೇಜಿನ ಚಿತ್ರದ ಸಂಕಲನ. ಮೂರು ತಿಂಗಳಿಂದ ಅವಳ ಕಣ್ಣು ಉರಿಯುತ್ತಿತ್ತು. ಒಂದು ಹೊತ್ತಾದರೂ ಕೂತು, ಯಾರಾದರೂ ಬಡಿಸಿದ್ದನ್ನು ಉಣ್ಣಬೇಕು ಎಂಬುದೊಂದೇ ಅವಳ ಆಸೆ. ಬಾಯಿಬಿಟ್ಟು ಹೇಳಿರಲಿಲ್ಲ. ಹೇಳುವುದಕ್ಕೂ ಸುಸ್ತು.

ಕೆಲಸ ಮುಗಿದ ಮಧ್ಯಾಹ್ನ ಗಂಡ, ಅತ್ತೆ, ಮಗಳು ನೋಡಲು ಕೂತರು. ಪರದೆಯ ಮೇಲೆ ಅತ್ತೆ ಉಂಡರು, ಮಗಳು ಮುನಿಸಿಕೊಂಡು ತಟ್ಟೆ ತಳ್ಳಿದಳು, ಗಂಡ ಫೋನಿನಲ್ಲಿ ಕೂಗಾಡುತ್ತಲೇ ತುತ್ತು ನುಂಗಿದ.

"ಅಲ್ಲಾ, ನೀನೆಲ್ಲೇ?" ಎಂದ ಗಂಡ. "ಒಂದು ಕಡೆನೂ ಇಲ್ವಲ್ಲ!"

ಅವಳಿಗೂ ಹೊಳೆದದ್ದು ಆಗಲೇ. ದೃಶ್ಯದ ಹಿಂದುಮುಂದಿನ ತುದಿಗಳನ್ನು ಕತ್ತರಿಸುವುದು ಹತ್ತು ವರ್ಷದ ರೂಢಿ. ತಟ್ಟೆ ಇಡುವುದು, ಮೇಜು ಒರೆಸುವುದು, ಅವಳಿದ್ದದ್ದೆಲ್ಲ ಆ ತುದಿಗಳಲ್ಲೇ. ನಡುವೆ ಬಡಿಸುವ ಕೈ ಬಂದರೆ ಅದನ್ನೂ ಅಡ್ಡಿ ಎಂದು ತೆಗೆದಿದ್ದಳು. ತನ್ನ ಕೈಯಾರೆ ತನ್ನನ್ನೇ ಗುಡಿಸಿ ಹಾಕಿದ್ದಳು ಪುಣ್ಯಾತ್ಗಿತ್ತಿ.

"ನೀನು ಊಟ ಮಾಡೋದು ಒಂದು ಹಾಕು, ಸಾಕು" ಎಂದ ಗಂಡ.

ಕತ್ತರಿಸಿದ್ದನ್ನೆಲ್ಲ ತೆರೆದು ಓಡಿಸಿದಳು. ನಲವತ್ತು ದಿನ, ಎಂಬತ್ತು ಊಟ. ಆ ಮೇಜಿಗೆ ಅವಳು ಒಮ್ಮೆಯೂ ಕೂತಿರಲಿಲ್ಲ.

"ನೀನು ಮೊದ್ಲೇ ತಿಂದಿರ್ತೀಯ ಅನ್ಕೊಂಡಿದ್ದೆ ಅಮ್ಮಾ" ಎಂದಳು ಮಗಳು.

"ನಾನು, ಆಮೇಲೆ ತಿಂತಾಳೆ ಅನ್ಕೊಂಡಿದ್ದೆ" ಎಂದರು ಅತ್ತೆ. ಅವರ ದನಿ ಇಳಿದಿತ್ತು.

"ಅಡುಗೆಮನೇಲಿ ನಿಂತ್ಕೊಂಡೇ ತಿಂತೀನಿ ಅತ್ತೆ. ಇವತ್ತು ಅದೂ ಇಲ್ಲ" ಎನ್ನುವಾಗ ಅವಳಿಗೆ ಅಳು ಬಂತು.

ಅತ್ತೆ ಮಂಡಿ ಹಿಡಿದುಕೊಂಡು ಎದ್ದರು. ಅನ್ನ ಬಿಸಿ ಮಾಡಿ, ಬಡಿಸಿ ತಂದು, ಸೊಸೆಯನ್ನು ಭುಜ ಒತ್ತಿ ಕೂರಿಸಿದರು. ಗಂಡನ ಕಣ್ಣು ಅರಳಿತು.

"ಅಮ್ಮಾ, ಇದೇ ಕಣಮ್ಮ ಬೇಕಾಗಿದ್ದು! ಏ, ಮುಟ್ಬೇಡ ಕಣೇ, ಹಾಗೇ ಇರು. ಕ್ಯಾಮೆರಾ ತಂದ್ಬಿಡ್ತೀನಿ" ಎಂದು ಕೋಣೆಗೆ ಓಡಿದ.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಹಾಗಾಯಿತು. ಅವಳ ಕೈ ತಾನಾಗಿ ತಟ್ಟೆಯಿಂದ ಹಿಂದೆ ಸರಿಯಿತು.

ಅತ್ತೆ ಹೋಗಿ ಆ ಕೋಣೆಯ ಚಿಲಕವನ್ನು ಹೊರಗಿನಿಂದ ಹಾಕಿ, ಬಂದು ಸೊಸೆಯ ಪಕ್ಕದಲ್ಲಿ ಕೂತರು.

"ನಿಧಾನವಾಗಿ ತಿನ್ನು ಮಗಳೇ. ಅವನೇನೂ ಈಗ ಬರಲ್ಲ."