ಪುಡಿಗೆ ಇಟ್ಟ ಐಸು

ಟೊಮ್ಯಾಟೊ ಗಿಡದ ಕೆಳಗಿನ ಹೂವಿಗೆ ಕುಕ್ಕರಗಾಲಲ್ಲಿ ಕೂರಬೇಕು. ನಡುವಿನ ಹೂವಿಗೆ ಬಗ್ಗಬೇಕು. ನೆಟ್ಟಗೆ ನಿಂತು ಮುಟ್ಟುವಂಥ ಎತ್ತರದಲ್ಲಿ ಹೂ ಬಿಡುವ ಹೊತ್ತಿಗೆ ಬೀಜದ ಕೆಲಸವೇ ಮುಗಿದಿರುತ್ತದೆ. ಕುಷ್ಟಗಿ ರಸ್ತೆಯ ಬದಿಗಿದ್ದ ಗುರುಬಸವ ಸಾಹುಕಾರರ ನೆಟ್ ಹೌಸಿನಲ್ಲಿ, ಬಲೆಯ ಚಪ್ಪರದಡಿ, ಹೆಂಗಸರು ಹೀಗೆ ಅರ್ಧಕ್ಕೆ ಮಡಚಿಕೊಂಡೇ ದಿನ ಕಳೆಯುತ್ತಿದ್ದರು. ಸಂಜೆ ಹೊರಗೆ ಬಂದು, ಸೊಂಟಕ್ಕೆ ಕೈಯಾನಿಸಿ ನೆಟ್ಟಗಾಗುವಾಗ ಒಬ್ಬೊಬ್ಬರ ಬಾಯಲ್ಲಿ ಒಂದೊಂದು ದೇವರ ಹೆಸರು.

"ನನ್ನ ನಡಾ ಹಳೀ ಬಾಗಲಾ ಆಗೇತಿ ನೋಡ್ರೆವಾ, ಎದ್ದಾಗೊಮ್ಮೆ ಕಿರ್ ಅಂತೈತಿ," ಎನ್ನುತ್ತಿದ್ದಳು ಅನ್ನಪೂರ್ಣ.

"ಗಂಡನ ಕೈಲೆ ಎಣ್ಣಿ ಬಿಡಿಸ್ಕೋ," ಎನ್ನುತ್ತಿದ್ದಳು ಹುಲಿಗವ್ವ.

"ಅವನ ನಡಾ ನಾ ಒತ್ತಬೇಕು, ನನ್ನ ನಡಾ ಯಾರು ಒತ್ತತಾರ ಬೇ?"

ಎಲ್ಲರ ಮನೆಯಲ್ಲೂ ಔಷಧ ಒಂದೇ. ಎಕ್ಕದ ಎಲೆಗೆ ಹರಳೆಣ್ಣೆ ಸವರಿ, ಹಂಚಿನ ಮೇಲೆ ಬಾಡಿಸಿ ಬೆನ್ನಿಗೆ ಇಡುವುದು. ಇಲ್ಲವೆಂದರೆ ಉಪ್ಪು ಹುರಿದು, ಬಟ್ಟೆಯಲ್ಲಿ ಗಂಟು ಕಟ್ಟಿ ಕಾವು ಕೊಡುವುದು. ಹೇಮಾವತಿಯ ಕಾವಿಗೆ ಓಣಿಯಲ್ಲಿ ಹೆಸರಿತ್ತು. ಗಂಟನ್ನು ಮೊದಲು ತನ್ನ ಮುಂಗೈಗೆ ಒತ್ತಿ ನೋಡಿಯೇ ಅವಳು ಇನ್ನೊಬ್ಬರ ಮೈಗೆ ಮುಟ್ಟಿಸುತ್ತಿದ್ದಳು.

ಅವಳೂ ಅವರ ನಡುವೆ ಕೂತೇ ಕೆಲಸ ಕಲಿತವಳು. ಮಧ್ಯಾಹ್ನ ಮೊಗ್ಗು ಬಿಡಿಸಿ ಚಿಮಟದಿಂದ ಗಂಡು ಕೇಸರ ಕೀಳುವುದು. ಮರುದಿನ ಬಿಸಿಲೇರುವ ಮೊದಲು, ಬೇರೆ ತಳಿಯ ಹೂವಿನ ಪರಾಗದ ಪುಡಿಯನ್ನು ಅದಕ್ಕೆ ಮುಟ್ಟಿಸುವುದು. ಹಾಗೆ ಕಟ್ಟಿದ ಕಾಯಿಯಿಂದಲೇ ಹೈಬ್ರಿಡ್ ಬೀಜ. ಈ ವರ್ಷ ಸಾಹುಕಾರರು ಅವಳನ್ನು ಮೇಸ್ತ್ರಿ ಮಾಡಿದ್ದರು. ಮೇಸ್ತ್ರಿ ಬಗ್ಗಬೇಕಾಗಿಲ್ಲ. ಹೆಂಗಸರನ್ನು ಕರೆತರಬೇಕು, ಒಂದು ಹೂವೂ ತಪ್ಪಿಹೋಗದಂತೆ ನೋಡಬೇಕು, ಪುಡಿಯ ಡಬ್ಬಿ ಕಾಯಬೇಕು. ಬಿಳಿ ಥರ್ಮಾಕೋಲ್ ಡಬ್ಬಿ. ಒಳಗೆ ಐಸು, ಐಸಿನ ಮೇಲೆ ಪುಡಿಯ ಶೀಶೆಗಳು. ಪುಡಿಗೆ ಸೆಕೆ ತಾಗಿದರೆ ಕಾಯಿ ಕಟ್ಟುವುದಿಲ್ಲ. ಊರಲ್ಲಿ ಕರೆಂಟು ಇಲ್ಲದ ದಿನವೂ ಸಾಹುಕಾರರ ಬೈಕಿನ ಮೇಲೆ ಐಸು ತಪ್ಪದೆ ಬರುತ್ತಿತ್ತು.

ಆ ದಿನ ನೀರಿನ ಮೋಟಾರು ಕೆಟ್ಟಿತ್ತು. ಗಿಡಕ್ಕೆ ಔಷಧಿ ಹೊಡೆಯಲು ನೀರು ಬೇಕು. "ಹೆಂಗಸರ ಕೈಲೆ ಹೊರಸು," ಎಂದು ಸಾಹುಕಾರರು ಫೋನಿನಲ್ಲಿ ಹೇಳಿದರು. ಯಾರನ್ನು ಕಳಿಸಲಿ ಎಂದು ಹೇಮಾವತಿ ಕಣ್ಣಾಡಿಸಿದಳು. ಉಳಿದವರು ಗೊಣಗುತ್ತಾರೆ. ಹುಲಿಗವ್ವ ಗೊಣಗುವವಳಲ್ಲ. ತವರು ಓಣಿಯವಳು, ವರಸೆಯಲ್ಲಿ ಚಿಗವ್ವ, ಚಿಕ್ಕಮ್ಮ.

"ಚಿಗವ್ವಾ, ಒಂದೀಟು ನೀರು ತರ್ತಿಯೇನ?"

"ತರ್ತೀನಿ ತಗಿ. ಕುಂತು ಕುಂತು ಕಾಲು ಜೋಮು ಹಿಡದಾವ."

ತುಂಬಿದ ಕೊಡ ಸೊಂಟದ ಮೇಲಿಟ್ಟುಕೊಂಡು ಬರುವಾಗ ಕಾಲಿಗೆ ಡ್ರಿಪ್ಪಿನ ಪೈಪು ತೊಡರಿತು. ಹುಲಿಗವ್ವ ಕುಂಡಿಯ ಮೇಲೆ ಕುಸಿದಳು. ಕೊಡ ಉರುಳಿತು. ಚೀರಲಿಲ್ಲ ಅವಳು. ಬಾಯಿ ತೆರೆದುಕೊಂಡು ಹಾಗೇ ಕೂತಳು, ಉಸಿರು ಎಲ್ಲೋ ಸಿಕ್ಕಿಬಿದ್ದವಳಂತೆ.

ಅನ್ನಪೂರ್ಣ ಓಡಿಬಂದು ಅವಳನ್ನು ಮಗ್ಗುಲಾಗಿ ಮಲಗಿಸಿದಳು. ಕುಪ್ಪಸ ಸರಿಸಿ ನೋಡಿದರೆ ಸೊಂಟದ ಮೇಲೆ ಬಾವು ಏಳುತ್ತಿತ್ತು.

"ಹೇಮಕ್ಕ, ಐಸು ಕೊಡು. ಹೊಸಾ ಪೆಟ್ಟಿಗೆ ತಂಪು ಇಡಬೇಕು, ಕಾವು ಕೊಡಬಾರದು ಅಂತ ದವಾಖಾನಿ ಆಶಾ ಅಕ್ಕ ಹೇಳ್ಯಾಳ."

ಹೇಮಾವತಿಯ ಕೈ ಡಬ್ಬಿಯ ಮುಚ್ಚಳದ ಮೇಲಿತ್ತು. "ಪುಡಿ ಕೆಟ್ಟರ?"

"ಎರಡು ತುಣುಕು ತಗದ್ರ ಕೆಡತೈತೇನ?"

ಕೆಡುತ್ತಿರಲಿಲ್ಲ. ಅದು ಹೇಮಾವತಿಗೆ ಗೊತ್ತಿತ್ತು. ಆದರೂ ಅವಳು ಮುಚ್ಚಳ ತೆಗೆಯಲಿಲ್ಲ, ಫೋನು ತೆಗೆದಳು.

"ಐಸಿಗೆ ಕೈ ಹಚ್ಚೀರಿ ಹುಷಾರ್," ಎಂದರು ಸಾಹುಕಾರರು. "ನೀ ಕಾವು ಕೊಡೋದ್ರಾಗ ಫಸ್ಟ್ ಅದಿಯಲ್ಲ, ಕೊಡು. ಎದ್ದು ಕುಂದರ್ತಾಳ. ಇವತ್ತು ಅರಳಿದ ಹೂವು ನಾಳೆಗಂತ ಕಾಯ್ತಾವೇನ?"

"ದವಾಖಾನಿಗೆ ಒಯ್ಯೋದು ಛಲೋ ಅನಸ್ತೈತ್ರಿ."

"ನೀ ಮೇಸ್ತ್ರಿ ಅದಿಯೋ, ಡಾಕ್ಟರ್ ಅದಿಯೋ?"

ಹೇಮಾವತಿ ಮೂರು ಕಲ್ಲಿಟ್ಟು ಬೆಂಕಿ ಮಾಡಿದಳು. ಅಡುಗೆಗೆ ತಂದಿದ್ದ ಉಪ್ಪು ಹುರಿದಳು. ಗಂಟನ್ನು ಮುಂಗೈಗೆ ಒತ್ತಿ ನೋಡಿ, ಆಮೇಲೆ ಹುಲಿಗವ್ವನ ಸೊಂಟಕ್ಕೆ ಇಟ್ಟಳು. ಹುಲಿಗವ್ವ ಕಣ್ಣು ಮುಚ್ಚಿ, "ಹಾಯ್ ಅನ್ನಿಸ್ತು ನೋಡವಾ," ಎಂದಳು. ಆ ಮಾತಿಗೆ ಹೇಮಾವತಿಯ ಜೀವಕ್ಕೂ ಹಾಯೆನಿಸಿತು. ನೋವು ಮಂಕಾದದ್ದೇ ತಡ, ಹುಲಿಗವ್ವನನ್ನು ರಟ್ಟೆ ಹಿಡಿದು ಎಬ್ಬಿಸಿ ಸಾಲಿನಲ್ಲಿ ಕೂರಿಸಿದಳು.

"ಕುಂದ್ರಾಕ ಆಗತೈತಲ್ಲ ಚಿಗವ್ವಾ?"

"ಆಗತೈತಿ ತಗಿ. ಪಗಾರ ಮುರೀತಾರ, ಇಲ್ಲಂದ್ರ."

ಸಂಜೆಯವರೆಗೂ ಅವಳು ಕೂತಳು. ಮಧ್ಯೆ ಬಗ್ಗಿದಳು. ಮರುದಿನ ಹಾಸಿಗೆಯಿಂದ ಏಳಲು ಹೋದರೆ ಎಡಗಾಲು ತನ್ನದಲ್ಲ ಎನ್ನಿಸಿತು.

ಗಂಡ ಕಾಳಪ್ಪ ಅವಳನ್ನು ಟಂಟಂ ಗಾಡಿಯಲ್ಲಿ ಮಲಗಿಸಿ ಕೊಪ್ಪಳದ ದೊಡ್ಡ ದವಾಖಾನೆಗೆ ಒಯ್ದ. ಹೇಮಾವತಿಯೂ ಹೋದಳು. ಡಾಕ್ಟರಮ್ಮ ಕಾಲಿಗೆ ಸೂಜಿಯ ಮೊನೆ ಮುಟ್ಟಿಸಿ, "ತಿಳೀತೈತೇನಮ್ಮಾ?" ಎಂದು ಮತ್ತೆ ಮತ್ತೆ ಕೇಳಿದರು.

"ಮೇಡಮ್ಮಾರ, ನಾ ಉಪ್ಪಿನ ಕಾವು ಕೊಟ್ಟಿದ್ದೆ. ಅದರಿಂದ ಹಿಂಗಾತೇನ್ರಿ?"

"ಹೊಸಾ ಬಾವಿಗೆ ಮೊದಲ ಎರಡು ದಿನ ತಂಪು ಇಡಬೇಕು. ಬಿಸಿ ಆಮೇಲೆ, ಬಿಗಿತ ಇದ್ದಾಗ," ಎಂದರು ಡಾಕ್ಟರಮ್ಮ. "ಆದ್ರೆ ಬರೀ ಕಾವಿನಿಂದ ಬೆನ್ನಿನ ನರ ಒತ್ತಿಕೊಳ್ಳಲ್ಲ. ಬಿದ್ದ ಮೇಲೆ ಈಕಿ ಮಲಗಿದ್ಲೋ, ಕೆಲಸ ಮಾಡಿದ್ಲೋ?"

ಹೇಮಾವತಿ ತನ್ನ ಮುಂಗೈ ನೋಡಿಕೊಂಡಳು. ಬರೀ ಕಾವಿನಿಂದಲ್ಲ ಎಂದು ಅರ್ಧ ಬಿಡುಗಡೆ ಸಿಕ್ಕಿತ್ತು. ಉಳಿದರ್ಧ ಇನ್ನೂ ಬಿಗಿಯಾಯಿತು. ಕಾವು ಕೊಟ್ಟದ್ದು ಯಾತಕ್ಕೆ? ನೋವು ಹೋಗಲೆಂದಲ್ಲ. ಮತ್ತೆ ಕೂರಲೆಂದು.

ಹುಲಿಗವ್ವನಿಗೆ ಸ್ಕ್ಯಾನು, ಚಿಕಿತ್ಸೆ, ತಿಂಗಳುಗಟ್ಟಲೆ ವಿಶ್ರಾಂತಿ ಬೇಕೆಂದಾಯಿತು. ಕಾಳಪ್ಪ ಕಾರ್ಮಿಕರ ಆಫೀಸಿಗೆ ಹೋಗಿ ಕೇಳಿದ. ಕೆಲಸದ ಜಾಗದಲ್ಲೇ ಬಿದ್ದಳೆಂದು ಹೇಳುವ ಸಾಕ್ಷಿ ಕರೆದುಕೊಂಡು ಬಾ, ಮಾಲೀಕರೇ ಖರ್ಚು ಕೊಡಬೇಕಾಗುತ್ತದೆ ಎಂದರು ಅಲ್ಲಿಯವರು. ಮಾತು ಸಾಹುಕಾರರ ಕಿವಿಗೂ ಬಿತ್ತು. ಹೇಮಾವತಿಯನ್ನು ಕರೆಸಿಕೊಂಡರು.

"ಮನೀ ಬಚ್ಚಲದಾಗ ಜಾರಿ ಬಿದ್ದಾಳ ಅನ್ನು. ಉಳಿದವರು ನಿನ್ನ ಬಾಯಿ ನೋಡ್ತಾರ, ನೀ ಸುಮ್ಮನಿದ್ರ ಅವರೂ ಸುಮ್ಮನಿರ್ತಾರ."

"ಎಲ್ಲಾರೂ ನೋಡ್ಯಾರ್ರಿ ಸಾವ್ಕಾರ್ರ."

"ನೋಡಿದ್ರ ಇದನ್ನೂ ನೋಡಿರಬೇಕಲ್ಲ, ಕಾವು ಕೊಟ್ಟಾಕಿ ಯಾರು? ಹೇಮಾವತಿ ನಾಟಿ ವೈದ್ಯ ಮಾಡಿ ಒಬ್ಬಾಕೀನ ಕುಂಟಿ ಮಾಡಿದ್ಲು ಅಂತ ನಾ ಹೇಳಬೇಕಾಕೈತಿ. ಜೇಲಿನ ಮಾತದು. ಯಾವುದು ಬೇಕು ನೋಡ್ಕೋ."

ಸಿಟ್ಟು ಮಾಡಿಕೊಂಡಿರಲಿಲ್ಲ ಅವರು. ಚಹಾ ಕುಡಿಯುತ್ತ, ಮಗಳಿಗೆ ಬುದ್ಧಿ ಹೇಳುವ ದನಿಯಲ್ಲಿ ಹೇಳಿದರು.

ಅಲ್ಲಿಂದ ಹೇಮಾವತಿ ನೇರ ಹುಲಿಗವ್ವನ ಮನೆಗೆ ಹೋದಳು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದೆಲ್ಲ ಹೊಸ್ತಿಲಲ್ಲೇ ಉದುರಿಹೋಯಿತು. ಹುಲಿಗವ್ವ ಚಾಪೆಯ ಮೇಲೆ ಮಲಗಿದ್ದಳು. ನೊಣ ಹೊಡೆಯಲು ಕೈಯಲ್ಲಿ ಬಟ್ಟೆ.

"ಬಾರವಾ. ನಿನ್ನ ದಾರೀನ ನೋಡಾಕತ್ತಿದ್ದೆ. ಒಂದೀಟು ಕಾವು ಕೊಡ್ತಿಯೇನ? ಆವತ್ತು ನೀ ಕೊಟ್ಟಾಗ ಎಷ್ಟು ಹಾಯ್ ಅನಸಿತ್ತು ಗೊತ್ತೇನ? ನಿನ್ನ ಕೈಗುಣ ಭಾಳ ಛಲೋ ಐತಿ. ನಿನ್ನಿಂದಾಗಿ ಆವತ್ತಿನ ಪಗಾರ ಉಳೀತು."

ಹೇಮಾವತಿ ಗೋಡೆಗೊರಗಿ ಕೂತಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಕೂದಲು ಹಿಡಿದು ಎಳೆದಿದ್ದರೂ ತಡೆದುಕೊಳ್ಳುತ್ತಿದ್ದಳು.

"ಕಾವು ಬ್ಯಾಡ ಚಿಗವ್ವಾ. ಡಾಕ್ಟರಮ್ಮನ್ನ ಕೇಳೇ ಮಾಡಬೇಕು ಇನ್ನ."

"ಯಾಕ ಅಳ್ತಿ? ನೀ ಏನು ಮಾಡಿದಿ? ನಾ ನೋಡಕೊಂಡು ನಡೀಬೇಕಿತ್ತು."

"ನೀರಿಗೆ ಕಳಿಸಿದಾಕಿ ನಾನು."

"ಸಾವ್ಕಾರ ಹೇಳಿದ್ರ ನೀ ಕಳಸ್ತಿ, ನೀ ಹೇಳಿದ್ರ ನಾ ಹೋಗ್ತೀನಿ. ನಡದು ಬಂದಿದ್ದ ಹಂಗಲ್ಲ?"

ಹೌದು, ನಡೆದು ಬಂದದ್ದೇ ಹಾಗೆ. ಮೇಲಿನವರು ಫೋನಿನಲ್ಲಿ ಹೇಳುತ್ತಾರೆ. ನಡುವಿನವರು ಗೊಣಗದವರನ್ನು ಹುಡುಕುತ್ತಾರೆ. ಹೇಮಾವತಿಗೆ ತಾನು ನಿಂತ ಜಾಗ ಅಂದು ಮೊದಲ ಸಲ ಕಂಡಿತು. ಕಂಡದ್ದಕ್ಕೆ ನಾಚಿಕೆಯಾಯಿತು.

ಮರುದಿನ ಬೆಳಿಗ್ಗೆ ಹೆಂಗಸರು ನೆಟ್ ಹೌಸಿನ ಬಾಗಿಲಿಗೆ ಬಂದಾಗ ಸಾಹುಕಾರರು ಆಗಲೇ ಬಂದಿದ್ದರು. ಕಾಳಪ್ಪನೂ ಬಂದ. ಚಪ್ಪಲಿ ಬಿಟ್ಟು ದೂರದಲ್ಲೇ ನಿಂತ.

"ಯಾರರ ಒಬ್ಬರು ಕೊಪ್ಪಳಕ್ಕ ಬರ್ರೆವಾ," ಎಂದ. "ಇಲ್ಲೇ ಬಿದ್ದಾಳ ಅಂತ ಒಂದು ಮಾತು ಹೇಳ್ರಿ. ಮತ್ತೇನೂ ಕೇಳಂಗಿಲ್ಲ ನಾನು."

ಎಲ್ಲರೂ ಹೇಮಾವತಿಯ ಬಾಯಿ ನೋಡಿದರು. ಸಾಹುಕಾರರು ಹೇಳಿದ್ದು ಸುಳ್ಳಾಗಿರಲಿಲ್ಲ.

"ಇಲ್ಲೇ ಬಿದ್ದಾಳ," ಎಂದಳು ಹೇಮಾವತಿ. "ನೀರು ಹೊರಸು ಅಂದವರು ಸಾವ್ಕಾರ್ರು. ಆಕೀನ ಆರಿಸಿ ಕಳಿಸಿದಾಕಿ ನಾನು. ಅನ್ನಪೂರ್ಣ ಐಸು ಕೇಳಿದ್ಲು. ಕೊಡಲಿಲ್ಲ ನಾನು. ಪುಡಿ ತಂಪಿರಲಿ ಅಂತ ಮನಷ್ಯಾಳನ್ನ ಸುಡಾಕ ಬಿಟ್ಟೆ. ಕಾವು ಕೊಟ್ಟು, ರಟ್ಟಿ ಹಿಡದು ಎಬ್ಬಿಸಿ ಕುಂದ್ರಿಸಿದ್ದೂ ನಾನ. ಬಚ್ಚಲದಾಗ ಬಿದ್ಲು ಅಂತ ಹೇಳು ಅಂದಾರ ಇವರು. ನಾ ಹೇಳಂಗಿಲ್ಲ."

"ಜೇಲಿಗೆ ಹೋಕ್ಕಿ ನೀ!" ಎಂದರು ಸಾಹುಕಾರರು.

"ಹೋಗ್ತೀನ್ರಿ. ನೀವು ಹೇಳಿದ್ದಕ್ಕ ನಾ ಮಾಡೀನಿ. ನನ್ನ ಹಿಂದ ನಿಮ್ಮನ್ನೂ ಕೇಳ್ತಾರಲ್ಲ?"

ಅನ್ನಪೂರ್ಣ ಕೈಚೀಲ ಹೆಗಲಿಗೆ ಏರಿಸಿದಳು. ಅವಳನ್ನು ನೋಡಿ ಉಳಿದವರೂ. ಒಬ್ಬೊಬ್ಬರಾಗಿ ರಸ್ತೆಯ ಕಡೆ ತಿರುಗಿದರು.

"ಏಯ್, ಎಲ್ಲಿಗ್ರೆವಾ? ನಿನ್ನಿ ಬಿಡಿಸಿದ ಹೂವು ಅದಾವ ಒಳಗ! ಬಿಸಲೇರಿದ್ರ ಎಲ್ಲಾ ಹಾಳಾಕ್ಕಾವ!" ಸಾಹುಕಾರರ ದನಿ ಮೊದಲ ಸಲ ಒಡೆಯಿತು. "ಹೇಮಾ, ನೀನರ ಹೇಳು. ಮಧ್ಯಾಹ್ನ ಹೋಗ್ರಿ, ನಾನ ಗಾಡಿ ಕೊಡ್ತೀನಿ!"

"ಆವತ್ತು ಯಾಕ ಕೊಡಲಿಲ್ರಿ ಗಾಡಿ?" ಎಂದಳು ಅನ್ನಪೂರ್ಣ.

ಕೊಪ್ಪಳದ ಬಸ್ಸು ನಿಲ್ಲುವ ಬೇವಿನ ಮರದವರೆಗೆ ಹೆಂಗಸರು ಗುಂಪಾಗಿ ನಡೆದರು. ಹೇಮಾವತಿ ಒಂದಿಷ್ಟು ಹಿಂದೆ ಉಳಿದಳು. ಅವರ ಜೊತೆ ಹೆಜ್ಜೆ ಹಾಕುವ ಹಕ್ಕು ತನಗಿದೆಯೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ. ಯಾರೂ ಅವಳನ್ನು ಕರೆಯಲಿಲ್ಲ, ಯಾರೂ ಸಮಾಧಾನ ಹೇಳಲಿಲ್ಲ. ಬಸ್ಸು ದೂರದಲ್ಲಿ ಕಂಡಾಗ ಅನ್ನಪೂರ್ಣ ತಿರುಗಿ ನಿಂತಳು.

"ಮುಂದ ಬಾ ಹೇಮಕ್ಕ. ನಿನ್ನ ಮ್ಯಾಲಿನ ಸಿಟ್ಟು ನಮಗ ಇನ್ನೂ ಇಳದಿಲ್ಲ, ಇಳೀತೈತೋ ಇಲ್ಲೋ ಗೊತ್ತಿಲ್ಲ. ಆದ್ರ ಅಲ್ಲಿ ಮೊದಲು ಮಾತಾಡಾಕಿ ನೀನ."

ಹೇಮಾವತಿ ಮುಂದೆ ಬಂದಳು. ಹೆಂಗಸರು ಸರಿದು ದಾರಿ ಬಿಟ್ಟರು.